ಕೂತಲ್ಲಿಂದ ಏಳುವ ಬಲ: ವಯಸ್ಸಾದ ರೈತ ಮಹಿಳೆಯರ ಸ್ನಾಯು, ಊಟ ಮತ್ತು ವ್ಯಾಯಾಮ

ಕಳೆದ ಮುಂಗಾರಿಗೆ ಮೊದಲು ಮಣ್ಣಿನ ಮಾದರಿ ತೆಗೆಯುವ ಕೆಲಸಕ್ಕೆಂದು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಹೋಬಳಿಯ ಒಂದು ಹಳ್ಳಿಗೆ ಹೋಗಿದ್ದೆ. ಹೊಲದಿಂದ ಮನೆಗೆ ಬಂದಾಗ ರೈತರ ತಾಯಿ ಪಡಸಾಲೆಯಲ್ಲಿ ಕುಳಿತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. ವಯಸ್ಸು ಅರವತ್ತೈದರ ಆಸುಪಾಸು. ನಮಗೆ ನೀರು ಕೊಡಲೆಂದು ಏಳಹೊರಟರು. ನೇರವಾಗಿ ಏಳಲಾಗಲಿಲ್ಲ. ಒಂದು ಮಗ್ಗುಲಿಗೆ ಹೊರಳಿ, ಎರಡೂ ಅಂಗೈ ನೆಲಕ್ಕೂರಿ, ಮಂಡಿಯ ಮೇಲೆ ನಿಂತು, ಕೊನೆಗೆ ಕಂಬ ಹಿಡಿದು ಎದ್ದರು. "ಕುಂತ್ರ ಏಳಾಕ ಬರಂಗಿಲ್ಲ ತಮ್ಮಾ, ಎದ್ರ ಕುಂದ್ರಾಕ ಬರಂಗಿಲ್ಲ. ವಯಸ್ಸಾತು" ಎಂದು ನಕ್ಕರು. ಮಗ ಮಾತ್ರ ನಗಲಿಲ್ಲ. ಪೇಟೆಯಿಂದ ತಂದಿದ್ದ ಒಂದು ಡಬ್ಬಿ ತೋರಿಸಿ, "ಸಾರ್, ಇದನ್ನ ಕೊಟ್ರ ಅವ್ವಗ ಶಕ್ತಿ ಬರುತ್ತೇನು?" ಎಂದು ಕೇಳಿದರು. ಡಬ್ಬಿ 400 ಗ್ರಾಂನದು, ಬೆಲೆ 600 ರೂಪಾಯಿ. ಹಿಂದಿನ ಚೀಟಿ ಓದಿದೆ. ನೂರು ಗ್ರಾಂ ಪುಡಿಯಲ್ಲಿ ಸಸಾರಜನಕ ಮೂವತ್ತು ಗ್ರಾಂ. ಉಳಿದ ಹೆಚ್ಚಿನ ಪಾಲು ಸಕ್ಕರೆ ಮತ್ತು ಪಿಷ್ಟ.

ಬೇಸಾಯಶಾಸ್ತ್ರ ಪಾಠ ಹೇಳುವವನು ಮುದುಕಿಯರ ಮೊಣಕಾಲಿನ ವಿಷಯ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ಆ ರೈತರ ಪ್ರಶ್ನೆಗೆ ಅರ್ಧ ಉತ್ತರ ಅವರ ಹೊಲದಲ್ಲಿಯೇ ಇತ್ತು, ಉಳಿದ ಅರ್ಧ ಅವರ ಮನೆಯ ಜಗಲಿಯ ಮೇಲಿತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ಸ್ನಾಯು ಸವೆಯುವುದೆಂದರೇನು?

ನಮ್ಮ ದೇಹದ ಮಾಂಸಖಂಡ ಒಮ್ಮೆ ಬೆಳೆದು ಹಾಗೆಯೇ ನಿಂತಿರುವ ವಸ್ತುವಲ್ಲ. ಅದು ದಿನವೂ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹರೆಯದಲ್ಲಿ ಈ ಜಮಾ ಖರ್ಚು ಸರಿದೂಗುತ್ತದೆ. ಮೂವತ್ತು ನಲವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತ ಹೋಗುತ್ತದೆ, ಅರವತ್ತರ ನಂತರ ಇದು ಇನ್ನೂ ಚುರುಕಾಗುತ್ತದೆ. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಇಳಿಯುತ್ತದೆ. ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಸ್ನಾಯುವಿನ ಗಂಟು ಚಿಕ್ಕದು; ಮುಟ್ಟು ನಿಂತ ಮೇಲೆ ಎಲುಬು ಮತ್ತು ಸ್ನಾಯು ಎರಡೂ ಒಟ್ಟಿಗೆ ಸವೆಯತೊಡಗುತ್ತವೆ. ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಇದಕ್ಕೆ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮಾಂಸದ ಬಡತನ. ಒಳ್ಳೆಯ ಹೆಸರು.

"ನಮ್ಮವ್ವ ಹೊಲದಾಗ ಹುಟ್ಟಿ ಹೊಲದಾಗ ದುಡದಾಕಿ, ಅವಳಿಗೆ ವ್ಯಾಯಾಮ ಯಾಕೆ?" ಎಂದು ಕೇಳುವವರು ಬಹಳ. ಕಳೆ ಕೀಳುವುದು, ಮೆಕ್ಕೆಜೋಳದ ತೆನೆ ಮುರಿಯುವುದು, ಶೇಂಗಾ ಬಿಡಿಸುವುದು, ಇವೆಲ್ಲ ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಮಾಡುವ ಹಗುರ ಕೆಲಸಗಳು. ಇವು ದಣಿವು ತರುತ್ತವೆ, ಸೊಂಟ ಸವೆಸುತ್ತವೆ. ಆದರೆ ತೊಡೆಯ ದೊಡ್ಡ ಸ್ನಾಯುವಿಗೆ ಅದರ ಶಕ್ತಿ ಮೀರಿದ ಭಾರವನ್ನು ಹೊರಿಸುವುದಿಲ್ಲ. ಭಾರ ಹೊರಿಸುತ್ತಿದ್ದ ಕೆಲಸಗಳೆಂದರೆ ಬೀಸುಕಲ್ಲು, ಒನಕೆ, ಬಾವಿಯಿಂದ ನೀರು ಸೇದುವುದು. ಅವು ಹಿಟ್ಟಿನ ಗಿರಣಿ ಮತ್ತು ನಲ್ಲಿಯ ಹಿಂದೆ ಹೋದವು. ಹೋದದ್ದು ಒಳ್ಳೆಯದೇ, ನಸುಕಿನ ಮೂರು ಗಂಟೆಗೆ ಎದ್ದು ಬೀಸಿದವರನ್ನು ಕೇಳಿ ನೋಡಿ, ಬೀಸುಕಲ್ಲು ಮರಳಿ ಬರಲೆಂದು ಯಾರೂ ಹೇಳುವುದಿಲ್ಲ. ಆದರೆ ಆ ಭಾರದ ಜಾಗಕ್ಕೆ ಬೇರೇನೂ ಬರಲಿಲ್ಲ. ಅರವತ್ತಕ್ಕೆ ಸೊಸೆಯ ಕೈಗೆ ಹೊಲ ಕೊಟ್ಟು, ಮೊಮ್ಮಗುವನ್ನು ಮಡಿಲಲ್ಲಿಟ್ಟು ಕುಳಿತ ಮೇಲೆ ಇಳಿತ ಇನ್ನೂ ಜೋರಾಗುತ್ತದೆ.

ಹಾಸಿಗೆ ಹಿಡಿದರಂತೂ ಕೇಳುವುದೇ ಬೇಡ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಬರೀ ಹಾಸಿಗೆಯ ಮೇಲೆ ಇರಿಸಿ ನೋಡಿದ ಅಮೆರಿಕದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ವಾರಗಟ್ಟಲೆ ಮಲಗಿದ ಹಿರಿಯರಲ್ಲಿ ಕೆಲವರು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ ಎಂದು ಮನೆಮಂದಿ ಹೇಳುವುದನ್ನು ಕೇಳಿದ್ದೇನೆ. ಕೀಲುನೋವು ಒಂದು ಕಾರಣ. ಮಲಗಿದ್ದಾಗ ಕರಗಿದ ಸ್ನಾಯು ಇನ್ನೊಂದು ಕಾರಣವಿರಬೇಕು.

ಮನೆಯಲ್ಲಿಯೇ ಪರೀಕ್ಷೆ

ಮಣ್ಣು ಪರೀಕ್ಷೆ ಇಲ್ಲದೆ ಗೊಬ್ಬರ ಹಾಕಬೇಡಿ ಎಂದು ನಾವು ಹೇಳುತ್ತೇವೆ. ಇಲ್ಲಿಯೂ ಹಾಗೆಯೇ. ಎರಡು ಸುಲಭ ಪರೀಕ್ಷೆಗಳಿವೆ. ಸುಮಾರು ಒಂದೂವರೆ ಅಡಿ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ಕೂರಿಸಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕೈ ಊರದೆ, ಐದು ಸಲ ಪೂರ್ತಿ ಎದ್ದು ಕೂರಲು ಹೇಳಿ, ಕೈಗಡಿಯಾರ ನೋಡಿ. ಏಷ್ಯಾದ ತಜ್ಞರ ತಂಡ 2019ರಲ್ಲಿ ಹಾಕಿದ ಅಳತೆಯ ಪ್ರಕಾರ ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುವಿನ ಕೆಲಸ ಕುಂದಿದೆ ಎಂದರ್ಥ. ಎರಡನೆಯದು, ದರ್ಜಿಯ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ. ಹೆಂಗಸರಲ್ಲಿ ಅದು 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅನುಮಾನಿಸಬೇಕು. ಕಾಲು ಬಾತಿದ್ದರೆ ಈ ಅಳತೆ ಸುಳ್ಳಾಗುತ್ತದೆ. ಆಗ ಬಾವಿಗೆ ಕಾರಣವೇನೆಂದು ವೈದ್ಯರೇ ನೋಡಬೇಕು. ವಿಸ್ತರಣಾ ಕಾರ್ಯಕರ್ತರು ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ ಈ ಎರಡನ್ನೂ ಕಾಲು ಗಂಟೆಯಲ್ಲಿ ಮಾಡಿ ತೋರಿಸಬಹುದು. ಅಂದು ನಾವು ಆ ಮನೆಯ ಕುರ್ಚಿಯ ಮೇಲೆಯೇ ಮಾಡಿದೆವು. ಅವ್ವಾರಿಗೆ ಕೈ ಊರದೆ ಎರಡನೆಯ ಸಲ ಏಳಲಾಗಲಿಲ್ಲ.

ಗೊಬ್ಬರವೋ, ನೀರೋ?

ಈಗ ಡಬ್ಬಿಯ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಕೊಡುವ ಪ್ರಯೋಗವೊಂದು ನಮ್ಮ ತಾಕುಗಳ ಪ್ರಯೋಗದಂತೆಯೇ ಇದೆ, ಆದ್ದರಿಂದ ರೈತರಿಗೆ ಸುಲಭವಾಗಿ ತಿಳಿಯುತ್ತದೆ. ಅಮೆರಿಕದ ಬಾಸ್ಟನ್ ನಗರದ ವೃದ್ಧರ ಆರೈಕೆ ಸಂಸ್ಥೆಯಲ್ಲಿ ಮರಿಯಾ ಫಿಯಾಟರೋನೆ ಎಂಬ ವೈದ್ಯೆ ಮತ್ತು ಸಂಗಡಿಗರು ನೂರು ಮಂದಿ ಅಶಕ್ತ ವೃದ್ಧರನ್ನು ತೆಗೆದುಕೊಂಡರು. ಅವರಲ್ಲಿ 63 ಮಂದಿ ಹೆಂಗಸರು. ಸರಾಸರಿ ವಯಸ್ಸು 87. ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಭಾರ ಎತ್ತುವ ವ್ಯಾಯಾಮ, ಇನ್ನೊಂದಕ್ಕೆ ಪುಷ್ಟಿಕರ ಪಾನೀಯ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಹತ್ತು ವಾರದ ನಂತರ ಅಳೆದರು. 1994ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವ್ಯಾಯಾಮ ಮಾಡಿದವರ ಸ್ನಾಯುಬಲ ಶೇಕಡಾ 113ರಷ್ಟು ಏರಿತ್ತು, ಅಂದರೆ ಎರಡು ಪಟ್ಟಿಗೂ ಮಿಕ್ಕಿ. ಮಾಡದವರದು ಶೇಕಡಾ 3. ನಡಿಗೆಯ ವೇಗ, ಮೆಟ್ಟಿಲು ಹತ್ತುವ ಶಕ್ತಿ ಕೂಡ ವ್ಯಾಯಾಮದವರಲ್ಲಿಯೇ ಹೆಚ್ಚಿತು. ಪಾನೀಯ ಮಾತ್ರ ಕುಡಿದವರಲ್ಲಿ ಹೇಳಿಕೊಳ್ಳುವಂಥ ಯಾವ ಬದಲಾವಣೆಯೂ ಆಗಲಿಲ್ಲ.

ಇನ್ನೊಂದು ಸಣ್ಣ ಸಂಗತಿ ಆ ಪ್ರಯೋಗದಲ್ಲಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಪಾನೀಯ ಕೊಟ್ಟರೂ ವ್ಯಾಯಾಮ ಮಾಡದವರ ದಿನದ ಒಟ್ಟು ಆಹಾರ ಹೆಚ್ಚಲಿಲ್ಲ. ಅದನ್ನು ಕುಡಿದು ಊಟ ಕಡಿಮೆ ಮಾಡಿದರು. ವ್ಯಾಯಾಮದ ಜೊತೆ ಕುಡಿದವರಲ್ಲಿ ಮಾತ್ರ ಒಟ್ಟು ಆಹಾರ ಏರಿತು. ತೆಲಿಗಿಯ ಮನೆಯಲ್ಲಿಯೂ ಅದೇ ಆಗಿತ್ತು: ರಾತ್ರಿ ಡಬ್ಬಿಯ ಪುಡಿ ಹಾಲಿಗೆ ಹಾಕಿ ಕುಡಿದರೆ ಅವ್ವಾರಿಗೆ ರೊಟ್ಟಿ ಬೇಡವಾಗುತ್ತಿತ್ತು. ಆರು ನೂರು ರೂಪಾಯಿ ಕೊಟ್ಟು ಒಂದು ಹೊತ್ತಿನ ಊಟ ಕಳೆದುಕೊಂಡಂತಾಯಿತು.

ಹಾಗಾದರೆ ಆಹಾರ ಮುಖ್ಯವಲ್ಲವೇ? ಈ ತೀರ್ಮಾನಕ್ಕೆ ಬರಬಾರದು. ಒಣಗಿದ ಹೊಲಕ್ಕೆ ಗೊಬ್ಬರ ಹಾಕಿದರೆ ಬೆಳೆಗೆ ಅದು ದಕ್ಕುವುದಿಲ್ಲ. ಹಾಗೆಂದು ಗೊಬ್ಬರವಿಲ್ಲದ ಬಡ ಮಸಾರಿ ಹೊಲಕ್ಕೆ ನೀರೊಂದನ್ನೇ ಹಾಯಿಸಿದರೂ ಇಳುವರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಯಾವುದು ಅತಿ ಕಡಿಮೆ ಇದೆಯೋ ಅದೇ ಬೆಳೆಯನ್ನು ತಡೆಯುತ್ತದೆ. ಸ್ನಾಯುವಿಗೆ ಭಾರವೇ ನೀರು, ಸಸಾರಜನಕವೇ ಗೊಬ್ಬರ. ಬಾಸ್ಟನ್ನಿನ ಸಂಸ್ಥೆಯಲ್ಲಿ ಮೂರು ಹೊತ್ತು ಲೆಕ್ಕದ ಊಟವಿತ್ತು. ನಮ್ಮ ಹಳ್ಳಿಯ ವಯಸ್ಸಾದ ಹೆಣ್ಣುಮಗಳ ತಟ್ಟೆಯಲ್ಲಿ ಏನಿದೆ ಎಂದು ಮೊದಲು ನೋಡಬೇಕು.

ತಟ್ಟೆಯ ಲೆಕ್ಕ

ಅವ್ವಾರು ಹೇಳಿದಂತೆ ಅವರ ಒಂದು ದಿನದ ಊಟವನ್ನು ಬರೆದುಕೊಂಡೆ. ಬೆಳಿಗ್ಗೆ ಚಹಾ ಮತ್ತು ಮಂಡಕ್ಕಿ ಒಗ್ಗರಣೆ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲವೆ ತಿಳಿಸಾರು. ರಾತ್ರಿ ಅನ್ನ ಸಾರು. ನಡುವೆ ಮತ್ತೊಮ್ಮೆ ಚಹಾ. ಮಂಡಕ್ಕಿಯಿಂದ 4 ಗ್ರಾಂ, ರೊಟ್ಟಿಯಿಂದ 12, ಅನ್ನದಿಂದ 7, ಎರಡು ಹೊತ್ತಿನ ಸಾರಿನಲ್ಲಿದ್ದ ಅಷ್ಟಿಷ್ಟು ಬೇಳೆಯಿಂದ 4, ಚಹಾದ ಹಾಲಿನಿಂದ 3. ಒಟ್ಟು ಸುಮಾರು 30 ಗ್ರಾಂ ಸಸಾರಜನಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಬೇಕು. ವಯಸ್ಸಾದವರ ದೇಹ ತಿಂದ ಸಸಾರಜನಕದಿಂದ ಸ್ನಾಯು ಕಟ್ಟುವುದರಲ್ಲಿ ಮಂದವಾಗುವುದರಿಂದ ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಈ ವಿಷಯದ ಬಹುತೇಕ ತಜ್ಞರ ಅಭಿಪ್ರಾಯ. ಅವ್ವಾರ ತೂಕ 50 ಕಿಲೋ ಎಂದಿಟ್ಟುಕೊಂಡರೆ 50ರಿಂದ 60 ಗ್ರಾಂ. ತಿನ್ನುತ್ತಿರುವುದು ಅದರ ಅರ್ಧ.

ಅದೂ ಒಂದೇ ಬಗೆಯ ಸಸಾರಜನಕ. ಜೋಳ, ಅಕ್ಕಿ, ಮೆಕ್ಕೆಜೋಳ ಎಲ್ಲದರಲ್ಲೂ ಲೈಸಿನ್ ಎಂಬ ಅಂಶ ಕಡಿಮೆ. ದ್ವಿದಳ ಧಾನ್ಯಗಳಲ್ಲಿ ಲೈಸಿನ್ ಧಾರಾಳ, ಆದರೆ ಮೆಥಿಯೋನಿನ್ ಕಡಿಮೆ. ಅದನ್ನು ಜೋಳ ತುಂಬಿಕೊಡುತ್ತದೆ. ಜೋಳದ ಸಾಲುಗಳ ನಡುವೆ ತೊಗರಿ, ಮಡಕೆ, ಅಲಸಂದಿ, ಹೆಸರು ಹಾಕುತ್ತಿದ್ದ ಅಕ್ಕಡಿ ಪದ್ಧತಿ ಹೊಲಕ್ಕೆ ಮಾಡುತ್ತಿದ್ದ ಉಪಕಾರವನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ತಟ್ಟೆಗೆ ಮಾಡುತ್ತಿದ್ದ ಉಪಕಾರವನ್ನು ಹೇಳುವುದಿಲ್ಲ.

ಈ ಭಾಗದಲ್ಲಿ ಮೆಕ್ಕೆಜೋಳ ಹಬ್ಬಿದ ಮೇಲೆ ಅಕ್ಕಡಿ ಹೋಯಿತು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಯಾವುದಾದರೂ ಮುಂಗಾರಿನಲ್ಲಿ ಕಣ್ಣಿಗೆ ಬೀಳುವುದು ಮೆಕ್ಕೆಜೋಳವೇ. ಅದಕ್ಕೆ ರೈತರನ್ನು ದೂರುವುದು ಸರಿಯಲ್ಲ. ಮಳೆಯ ಬೆಳೆಗಳಲ್ಲಿ ಕೈಗೆ ನಾಲ್ಕು ಕಾಸು ಕೊಟ್ಟಿದ್ದು ಅದು. ಆದರೆ ಮೆಕ್ಕೆಜೋಳ ಲಾರಿ ಹತ್ತಿ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ, ಮನೆಗೆ ಬರುವುದಿಲ್ಲ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಅಕ್ಕಿಯ ಚಿಂತೆ ತಪ್ಪಿತು. ಬೇಳೆಕಾಳು ಮಾತ್ರ ಅಂಗಡಿಯಿಂದ ಕೊಂಡು ತರುವ ಪದಾರ್ಥವಾಯಿತು. ಕೊಂಡು ತಂದದ್ದನ್ನು ಮನೆಯಲ್ಲಿ ಅಳೆದು ಬಡಿಸುತ್ತಾರೆ: ದುಡಿಯುವ ಮಗನಿಗೆ, ಶಾಲೆಗೆ ಹೋಗುವ ಮಕ್ಕಳಿಗೆ. ಅತ್ತೆಗೂ ಸೊಸೆಗೂ ಸಾರಿನ ತಿಳಿ. ಹುರುಳಿ ಬೇಯಿಸಿದಾಗ ಕಟ್ಟು ಬಸಿದು ಸಾರು ಮಾಡುತ್ತಾರೆ. ಸಸಾರಜನಕದ ದೊಡ್ಡ ಪಾಲು ಕಾಳಿನಲ್ಲಿ ಉಳಿಯುತ್ತದೆ, ಕಟ್ಟಿನಲ್ಲಿ ಅಲ್ಲ. ಕಟ್ಟಿನ ಸಾರು ಉಂಡವರು ಹುರುಳಿ ಉಂಡೆವೆಂದು ತಿಳಿಯಬಾರದು. ಕಾಳನ್ನು ದನಕ್ಕೆ ಹಾಕುವ ಮನೆಗಳೂ ಇವೆ. ಎತ್ತಿನ ಮೈ ತುಂಬುವುದು ನೋಡಿಯಾದರೂ ಆ ಕಾಳಿನ ಬೆಲೆ ತಿಳಿಯಬೇಕಿತ್ತು.

ಕೊರತೆಯ 25 ಗ್ರಾಂ ತುಂಬುವುದು ಕಷ್ಟವಲ್ಲ. 50 ಗ್ರಾಂ ಹುರುಳಿ, ಹೆಸರು, ಮಡಕೆ ಅಥವಾ ಕಡಲೆ ಬೇಯಿಸಿದ ಗಟ್ಟಿ ಪಲ್ಯದಿಂದ 11 ಗ್ರಾಂ. 30 ಗ್ರಾಂ ಶೇಂಗಾದಿಂದ 7 ಗ್ರಾಂ. ಒಂದು ಲೋಟ ಎಮ್ಮೆ ಹಾಲು ಅಥವಾ ಮೊಸರಿನಿಂದ 7 ಗ್ರಾಂ. ಮೊಟ್ಟೆ ತಿನ್ನುವ ಮನೆಯಾದರೆ ಒಂದು ಮೊಟ್ಟೆಗೆ 6 ಗ್ರಾಂ. ಇದೆಲ್ಲವನ್ನೂ ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೂ ಹಂಚಬೇಕು; ಮೇಲುಗೊಬ್ಬರವನ್ನು ಕಂತಿನಲ್ಲಿ ಕೊಟ್ಟಂತೆ. ಬೆಳಗಿನ ಹೊತ್ತು ಬರೀ ಮಂಡಕ್ಕಿಯಲ್ಲಿ ಕಳೆಯುವುದೇ ದೊಡ್ಡ ತಪ್ಪು. ಅದಕ್ಕೆ ಒಂದು ಹಿಡಿ ಶೇಂಗಾ, ಒಂದು ಹಿಡಿ ಪುಟಾಣಿ ಸೇರಿಸಿದರೂ ಆಯಿತು.

ಹಲ್ಲಿನ ಮಾತನ್ನೂ ಹೇಳಬೇಕು. ಅರವತ್ತೈದರ ಹೆಣ್ಣುಮಗಳಿಗೆ "ಕಾಳು ತಿನ್ನಿ" ಎಂದು ಭಾಷಣ ಮಾಡಿ ಬರುವುದು ಸುಲಭ, ಅಗಿಯುವವರು ಯಾರು? ಕಾಳನ್ನು ರಾತ್ರಿ ನೆನೆಸಿ, ಮೊಳಕೆ ಬರಿಸಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ಮಸೆದು ಕೊಡಬೇಕು. ಕಡಲೆಹಿಟ್ಟಿನ ಜುಣಕ ಹಲ್ಲಿಲ್ಲದವರಿಗೆ ಬಹಳ ಒಳ್ಳೆಯದು. ಮೊಳಕೆ ಬಂದ ಕಾಳು ಹೊಟ್ಟೆಯುಬ್ಬರವನ್ನೂ ಕಡಿಮೆ ಮಾಡುತ್ತದೆ.

ಡಬ್ಬಿಯ ಬದಲು ಪುಡಿ ಬೇಕೇಬೇಕು ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಹಳೆಯ ಮಾದರಿಯಿದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯವರು ಮೊದಲ ದಶಕದಲ್ಲಿಯೇ ಬಹೂಪಯೋಗಿ ಆಹಾರವೆಂಬ ಪುಡಿ ತಯಾರಿಸಿದರು. ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಪಾಲು, ಹುರಿದ ಕಡಲೆಹಿಟ್ಟು 25 ಪಾಲು, ಜೊತೆಗೆ ಜೀವಸತ್ವ ಮತ್ತು ಸುಣ್ಣದ ಅಂಶ. ಊಟದಲ್ಲಿ ಸಸಾರಜನಕ ಸಾಲದವರಿಗೆಂದೇ ಅದನ್ನು ಮಾಡಿದ್ದು. ಮನೆಯಲ್ಲಿ ಎಣ್ಣೆ ತೆಗೆಯಲಾಗದು. ಹುರಿದ ಶೇಂಗಾ ಎರಡು ಪಾಲು, ಪುಟಾಣಿ ಒಂದು ಪಾಲು ಕುಟ್ಟಿ ಪುಡಿ ಮಾಡಿದರೆ ನೂರು ಗ್ರಾಂಗೆ ಸುಮಾರು 24 ಗ್ರಾಂ ಸಸಾರಜನಕ ಸಿಗುತ್ತದೆ. ಎಣ್ಣೆಯಿರುವುದರಿಂದ ಬೇಗ ಕಮಟುತ್ತದೆ. ವಾರಕ್ಕೆ ಬೇಕಾಗುವಷ್ಟೇ ಮಾಡಿ. ಎಳ್ಳು ಒಂದು ಹಿಡಿ ಸೇರಿಸಿದರೆ ಸುಣ್ಣದ ಅಂಶವೂ ಬರುತ್ತದೆ. ಬೂಷ್ಟು ಹಿಡಿದ, ಕಹಿಯಾದ, ಸುಕ್ಕುಗಟ್ಟಿದ ಶೇಂಗಾಬೀಜವನ್ನು ಆರಿಸಿ ಎಸೆಯಬೇಕು. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಬೀಜ ಮಾರಿ ಕಸರು ಬೀಜವನ್ನು ಮನೆಗಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಈ ಒಂದು ವಿಷಯದಲ್ಲಿ ಅದನ್ನು ಬಿಡಲೇಬೇಕು.

ಬೆಲೆಯ ಲೆಕ್ಕ ಹೀಗಿದೆ. ಆ ಡಬ್ಬಿಯಲ್ಲಿದ್ದ ಸಸಾರಜನಕ ಒಟ್ಟು 120 ಗ್ರಾಂ, ಗ್ರಾಂ ಒಂದಕ್ಕೆ 5 ರೂಪಾಯಿ ಬಿತ್ತು. ಹುರುಳಿಯನ್ನು ಕಿಲೋಗೆ 80 ರೂಪಾಯಿಯಂತೆ ಕೊಂಡರೂ ಅದರಲ್ಲಿ 220 ಗ್ರಾಂ ಸಸಾರಜನಕ. ಗ್ರಾಂಗೆ 36 ಪೈಸೆ. ಕಾಳಿನ ಸಸಾರಜನಕ ಹಾಲಿನದಷ್ಟು ಪೂರ್ತಿ ಜೀರ್ಣವಾಗುವುದಿಲ್ಲ ಎಂದು ಕಾಲು ಭಾಗ ಕಳೆದರೂ ಅಂತರ ಹತ್ತು ಪಟ್ಟು ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗದರ್ಶಿಯಲ್ಲಿ ಮೈ ಬೆಳೆಸಲೆಂದು ಸಸಾರಜನಕದ ಪುಡಿಗಳನ್ನು ತೆಗೆದುಕೊಳ್ಳುವುದು ಬೇಡವೆಂದೇ ಹೇಳಿದೆ. ಕಾಯಿಲೆಯಿಂದ ಎದ್ದವರು, ಏನೂ ನುಂಗಲಾಗದವರು ವೈದ್ಯರ ಮಾತಿನಂತೆ ಪುಡಿ ಬಳಸುವುದು ಬೇರೆ ಮಾತು. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಈ ಲೇಖನದ ಲೆಕ್ಕ ನೋಡಿ ಸಸಾರಜನಕ ಹೆಚ್ಚಿಸಬಾರದು. ಅವರ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಈ ತೊಂದರೆ ಸದ್ದಿಲ್ಲದೆ ಇರುತ್ತದೆ. ಅವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಉಳಿದ ಮಾತ್ರೆ, ಪುಡಿಗಳು

ಡಿ ಜೀವಸತ್ವ ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುತ್ತದೆ; ಹೊಲ ಬಿಟ್ಟು ಮನೆಯೊಳಗೆ ಕುಳಿತ ಹಿರಿಯರಲ್ಲಿ ಇದರ ಕೊರತೆ ಸಾಮಾನ್ಯ. ಕೊರತೆಯಿದ್ದಾಗ ತುಂಬಬೇಕು, ಸರಿ. ಆದರೆ 60,000 ಯೂನಿಟ್ಟಿನ ವಾರದ ಪುಡಿಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಇದು ಅಪಾಯ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟರು. ಬೀಳುವುದು ಕಡಿಮೆಯಾಗಲೆಂದು ಕೊಟ್ಟದ್ದು. 2010ರ ವರದಿಯ ಪ್ರಕಾರ ಕೊಟ್ಟವರಲ್ಲಿಯೇ ಬೀಳುವುದೂ ಎಲುಬು ಮುರಿಯುವುದೂ ಹೆಚ್ಚಾಯಿತು. ಯೂರಿಯಾ ಎರಡು ಚೀಲ ಒಟ್ಟಿಗೆ ಸುರಿದು ಬೆಳೆ ಮಲಗಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಹಾಲು ಮೊಸರು ಬಿಟ್ಟರೆ ಬೇರೆಲ್ಲಿಯೂ ಇಲ್ಲವೆನ್ನಬಹುದು. ಮೊಟ್ಟೆ, ಮಾಂಸ ಮುಟ್ಟದ ಮನೆಗಳಲ್ಲಿ ಹಿರಿಯರ ಪಾಲಿನ ಮಜ್ಜಿಗೆಗೂ ನೀರು ಬೆರೆಸುತ್ತ ಹೋಗಬಾರದು. ಕಾಲು ಜುಮ್ಮೆನ್ನುವುದು, ತೂರಾಡುವುದು ಇದ್ದರೆ ವೈದ್ಯರಿಗೆ ಹೇಳಿ. ಕ್ರಿಯಾಟಿನ್ ಎಂಬ ಪುಡಿ ಈಗ ಪೇಟೆಯ ಕಸರತ್ತಿನ ಶಾಲೆಗಳಲ್ಲಿ ಪ್ರಸಿದ್ಧ. ಭಾರದ ವ್ಯಾಯಾಮದ ಜೊತೆ ತೆಗೆದುಕೊಂಡರೆ ಹಿರಿಯರಿಗೂ ಅಲ್ಪ ಲಾಭವಿದೆ ಎಂದು ಪ್ರಯೋಗಗಳು ತೋರಿಸಿವೆ. ವ್ಯಾಯಾಮವಿಲ್ಲದೆ ಅದರಿಂದ ಹೆಚ್ಚೇನೂ ಬಾರದು. ನಮ್ಮ ರೈತರ ಹಣ ಅದಕ್ಕೆ ಹೋಗಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಜಗಲಿಯ ಗರಡಿ

ಹರಪನಹಳ್ಳಿ, ದಾವಣಗೆರೆ ಕಡೆಯವರಿಗೆ ಗರಡಿ ಮನೆ ಹೊಸದಲ್ಲ. ಪೈಲ್ವಾನ ಮೊದಲ ದಿನವೇ ದೊಡ್ಡ ಗುಂಡುಕಲ್ಲಿಗೆ ಕೈ ಹಾಕುವುದಿಲ್ಲ. ಚಿಕ್ಕ ಕಲ್ಲು ಹಗುರವಾದ ಮೇಲೆ ಅದಕ್ಕಿಂತ ಕೊಂಚ ದೊಡ್ಡದು, ಅದೂ ಹಗುರವಾದ ಮೇಲೆ ಇನ್ನೊಂದು. ಸ್ನಾಯು ಬೆಳೆಯುವ ಗುಟ್ಟು ಇಷ್ಟೇ: ಈಗಿನ ಶಕ್ತಿಗಿಂತ ಸ್ವಲ್ಪ ಹೆಚ್ಚಿನ ಭಾರ, ನಡುವೆ ವಿಶ್ರಾಂತಿ, ಮೇಲೆ ಊಟ. ಈ ವಿದ್ಯೆ ಗಂಡಸರ ಗರಡಿಯೊಳಗೇ ಉಳಿಯಿತು. ಹೆಣ್ಣುಮಕ್ಕಳಿಗೆ, ಅದರಲ್ಲೂ ಅರವತ್ತಾದವರಿಗೆ, ಅದು ಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮುಖ್ಯವಾದದ್ದು ಕೂತು ಏಳುವ ವ್ಯಾಯಾಮ. ಮೊದಲು ಎತ್ತರದ ಮಂಚ ಅಥವಾ ಜಗಲಿಯ ಅಂಚಿನಿಂದ, ಕೈ ಊರಿಕೊಂಡೇ ಎಂಟು ಸಲ. ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು. ಕೂರುವಾಗ ದೊಪ್ಪನೆ ಬೀಳದೆ, ಮನಸ್ಸಿನಲ್ಲಿ ಮೂರು ಎಣಿಸುವಷ್ಟು ಹೊತ್ತು ನಿಧಾನವಾಗಿ ಇಳಿಯಬೇಕು. ಅರ್ಧ ಲಾಭ ಅದರಲ್ಲಿಯೇ ಇದೆ. ಎರಡು ಸುತ್ತಿನಲ್ಲೂ ಹನ್ನೆರಡು ಸಲ ಸಲೀಸಾಗಿ ಬಂದರೆ ಕೈ ಬಿಡಿ. ಅದೂ ಸಲೀಸಾದರೆ ಕುರ್ಚಿಗೆ ಇಳಿಯಿರಿ. ಆಮೇಲೆ ಎದೆಗೆ ಅವಚಿಕೊಳ್ಳಲು ಒಂದು ಕಿಲೋ ಕಾಳು ತುಂಬಿದ ಬಟ್ಟೆಯ ಚೀಲ, ತಿಂಗಳು ಕಳೆದಂತೆ ಎರಡು ಕಿಲೋ, ಮೂರು ಕಿಲೋ. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಕಷ್ಟವೆನಿಸದಿದ್ದರೆ ಭಾರ ಸಾಲದು, ನೋವಾದರೆ ಅತಿಯಾಯಿತು.

ಇದರ ಜೊತೆ ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಎರಡೂ ಅಂಗೈ ಇಟ್ಟು ದೂರ ನಿಂತು ಎದೆಯನ್ನು ಗೋಡೆಯ ಕಡೆಗೆ ತಂದು ದಬ್ಬುವುದು, ಮನೆಯ ಮೊದಲ ಮೆಟ್ಟಿಲನ್ನು ಹತ್ತಿ ಇಳಿಯುವುದು. ಹಳೆಯ ಸೈಕಲ್ ಟ್ಯೂಬನ್ನು ಕಂಬಕ್ಕೆ ಕಟ್ಟಿ, ಕುರ್ಚಿಯಲ್ಲಿ ಕುಳಿತು ಎರಡೂ ಕೈಯಿಂದ ಹೊಟ್ಟೆಯ ಕಡೆಗೆ ಎಳೆದರೆ ಬೆನ್ನಿನ ಸ್ನಾಯುವಿಗೆ ಒಳ್ಳೆಯದು; ದಿನವೆಲ್ಲ ಬಗ್ಗಿ ದುಡಿದವರಿಗೆ ಇದು ಬಹಳ ಹಿತವೆನಿಸುತ್ತದೆ. ಚೌಕಟ್ಟು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ಬೀಳದಂತೆ ತಡೆಯುವ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ಸ್ನಾಯುಬಲದ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕು, ಹಿರಿಯರಿಗೆ ಸಮತೋಲದ ಅಭ್ಯಾಸ ಮೂರು ದಿನ. ದಿನ ಬಿಟ್ಟು ದಿನ ಮಾಡಿದರೆ ಲೆಕ್ಕ ತಪ್ಪುವುದಿಲ್ಲ. ಮೊದಲ ತಿಂಗಳಲ್ಲಿ ಬರುವ ಬಲ ಹೆಚ್ಚಾಗಿ ನರಗಳು ಸ್ನಾಯುವನ್ನು ಚೆನ್ನಾಗಿ ಎಬ್ಬಿಸಲು ಕಲಿತದ್ದರಿಂದ. ಕಾಲು ದಪ್ಪವಾಗಲಿಲ್ಲವೆಂದು ಬಿಡಬಾರದು. ಎರಡು ತಿಂಗಳಿಗೆ ಕುರ್ಚಿಯ ಪರೀಕ್ಷೆಯನ್ನು ಮತ್ತೆ ಮಾಡಿ ಸೆಕೆಂಡು ಬರೆದಿಡಿ.

ಉಸಿರು ಬಿಗಿಹಿಡಿದು ಭಾರ ಎತ್ತಬಾರದು, ರಕ್ತದೊತ್ತಡ ಏರುತ್ತದೆ. ಏಳುವಾಗ ಉಸಿರು ಬಿಡಬೇಕು. ಎದೆ ನೋವು, ತಲೆ ಸುತ್ತು ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇತ್ತೀಚೆಗೆ ಕಣ್ಣಿನ ಪೊರೆ ತೆಗೆಸಿದವರು ವೈದ್ಯರು ಹೇಳುವ ತನಕ ಕಾಯಬೇಕು. ನಮ್ಮ ಹಳ್ಳಿಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ತೊಂದರೆಯಿದೆ. ಬಾಣಂತನದಲ್ಲಿ ಬೇಗ ದುಡಿಮೆಗಿಳಿದು, ಭಾರ ಹೊತ್ತು ಗರ್ಭಕೋಶ ಕೆಳಗೆ ಜಾರಿದ ಹೆಂಗಸರು ಅನೇಕರು ಅದನ್ನು ಹತ್ತಾರು ವರ್ಷ ಮುಚ್ಚಿಟ್ಟಿರುತ್ತಾರೆ. ಅವರು ಚೀಲದ ಭಾರ ಎತ್ತಬಾರದು, ಮೊದಲು ವೈದ್ಯರಿಗೆ ತೋರಿಸಬೇಕು. ಈ ಪ್ರಶ್ನೆಯನ್ನು ಗಂಡಸು ಕಾರ್ಯಕರ್ತರು ಸಭೆಯಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಆಶಾ ಕಾರ್ಯಕರ್ತೆಯರು ಒಬ್ಬೊಬ್ಬರನ್ನೇ ಕೇಳಿಕೊಳ್ಳಬೇಕು.

ಹೊಲದಲ್ಲಿ ಮಾಡಬೇಕಾದದ್ದು

ಒಬ್ಬರಿಗೆ ದಿನಕ್ಕೆ 75 ಗ್ರಾಂ ಬೇಳೆಕಾಳು ಹಿಡಿದರೆ ವರ್ಷಕ್ಕೆ 27 ಕಿಲೋ ಬೇಕು. ಎರಡು ಅಡಿ ಸಾಲಿನ ಒಂದು ಎಕರೆ ಮೆಕ್ಕೆಜೋಳದಲ್ಲಿ ಆರು ಸಾಲಿಗೆ ಒಂದು ತೊಗರಿ ಸಾಲು ಹಾಕಿದರೆ ಸುಮಾರು ಹದಿನೈದು ಸಾಲು ತೊಗರಿ ಬರುತ್ತದೆ. ಅಡಿಗೊಂದು ಗಿಡದಂತೆ ಮೂರು ಸಾವಿರ ಗಿಡ. ಗಿಡಕ್ಕೆ 30 ಗ್ರಾಂ ಮಾತ್ರ ಹಿಡಿದರೂ 90 ಕಿಲೋ ತೊಗರಿ, ಬೇಳೆ ಮಾಡಿಸಿದರೆ 60 ಕಿಲೋಗೆ ಕಡಿಮೆಯಿಲ್ಲ. ಇಬ್ಬರು ಹಿರಿಯರ ವರ್ಷದ ಪಾಲು ಒಂದೇ ಎಕರೆಯ ಅಕ್ಕಡಿಯಲ್ಲಿ ಬಂತು.

ಅಕ್ಕಡಿ ನಿಂತುಹೋಗಲು ಕಳೆನಾಶಕ ಒಂದು ದೊಡ್ಡ ಕಾರಣ. ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಾಜಿನ್ ದ್ವಿದಳ ಬೆಳೆಗೆ ಆಗುವುದಿಲ್ಲ; ಬೆಳೆ ಎದ್ದ ಮೇಲೆ ಹೊಡೆಯುವ ಅಗಲ ಎಲೆಯ ಕಳೆನಾಶಕಗಳು ತೊಗರಿಯನ್ನೂ ಕಳೆಯೆಂದೇ ತಿಳಿಯುತ್ತವೆ. ಅಕ್ಕಡಿ ಹಾಕುವ ಹೊಲಕ್ಕೆ ಬಿತ್ತಿದ ಒಂದೆರಡು ದಿನದೊಳಗೆ, ಮೊಳಕೆ ಏಳುವ ಮೊದಲೇ, ಪೆಂಡಿಮೆಥಾಲಿನ್ ಬಳಸಬಹುದು. ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ. ಆಮೇಲೆ ಒಂದು ಸಲ ಎಡೆಕುಂಟೆ ಹೊಡೆದರೆ ಸಾಕು. ಪೂರ್ತಿ ಹೊಲದಲ್ಲಿ ಧೈರ್ಯವಾಗದವರು ಬದುವಿನ ಪಕ್ಕದ ನಾಲ್ಕು ಗುಂಟೆಯನ್ನು ಕಳೆನಾಶಕದಿಂದ ಹೊರಗಿಟ್ಟು ಹೆಸರು, ಅಲಸಂದಿ, ಮಡಕೆ ಬಿತ್ತಲಿ. ಮುಂಗಾರು ಕೈಕೊಟ್ಟು ಮಸಾರಿ ಹೊಲ ಖಾಲಿ ಬಿದ್ದರೆ ಹುಬ್ಬಿ, ಉತ್ತರಿ ಮಳೆಗೆ ಹುರುಳಿ ಚೆಲ್ಲುವುದು ನಮ್ಮ ಹಿರಿಯರು ಬಿಡದೆ ಮಾಡುತ್ತಿದ್ದ ಕೆಲಸ. ಕಡಿಮೆ ತೇವದಲ್ಲಿ ಹುರುಳಿಯಷ್ಟು ನಂಬಿಗಸ್ತ ಬೆಳೆ ಬೇರಿಲ್ಲ. ಶೇಂಗಾ ಕಾಯಿಯನ್ನು ಶೇಕಡಾ 8ರ ತೇವಕ್ಕೆ ಬರುವಂತೆ, ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುವಷ್ಟು ಒಣಗಿಸಿ, ಮನೆಯ ಪಾಲನ್ನು ಮಾರಾಟಕ್ಕೆ ಮೊದಲೇ ತೆಗೆದಿಡಿ.

ದೀಪಾವಳಿ ಹೊತ್ತಿಗೆ ಅದೇ ಹಳ್ಳಿಗೆ ಮತ್ತೆ ಹೋಗುವ ಕೆಲಸ ಬಿತ್ತು. ಮಗ ಮೂರು ಎಕರೆ ಮೆಕ್ಕೆಜೋಳದಲ್ಲಿ ಒಂದೆಕರೆಗೆ ಮಾತ್ರ ತೊಗರಿ ಸಾಲು ಹಾಕಿದ್ದರು, ಗಿಡ ಹೂವಿಗೆ ಬಂದಿತ್ತು. ಮೊಮ್ಮಗಳು ಶಾಲೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಅಜ್ಜಿಯ ಲೆಕ್ಕ ಇಟ್ಟಿದ್ದಳು. ಜೂನ್ ತಿಂಗಳಲ್ಲಿ "ಆಗಲಿಲ್ಲ" ಎಂದು ಬರೆದಿತ್ತು. ಸೆಪ್ಟೆಂಬರಿನಲ್ಲಿ ಐದು ಸಲಕ್ಕೆ 19 ಸೆಕೆಂಡು, ಅಕ್ಟೋಬರಿನಲ್ಲಿ 15. ಹನ್ನೆರಡಕ್ಕೆ ಇನ್ನೂ ಬಂದಿಲ್ಲ. ನೆಲದಿಂದ ಏಳುವಾಗ ಈಗಲೂ ಒಂದು ಕೈ ಊರುತ್ತಾರೆ. ಕಂಬ ಹಿಡಿಯುವುದನ್ನು ಬಿಟ್ಟಿದ್ದಾರೆ.